ಸ್ಮಾರ್ಟ್‌ಫೋನ್ ಕಾರ್ಯಾಚರಣ ವ್ಯವಸ್ಥೆಗಳ ರೂಪವಿಕಾಸ

ಯಾವುದೇ ಉಪಕರಣದ ಚರಿತ್ರೆಯಲ್ಲಿ ಹಲವು ರೂಪಗಳು ಪರಸ್ಪರ ಸ್ಪರ್ಧಿಸುವ ಘಟ್ಟವೊಂದು, ಅವುಗಳಲ್ಲಿ ಒಂದು ನೆಲೆನಿಂತು ಉಳಿದವು ಕಣ್ಮರೆಯಾಗುವ ಘಟ್ಟವೊಂದು ಸಾಮಾನ್ಯವಾಗಿ ಕಂಡುಬರುತ್ತವೆ. ಸ್ಮಾರ್ಟ್‌ಫೋನಿನ ಕಾರ್ಯಾಚರಣ ವ್ಯವಸ್ಥೆಯಲ್ಲಿ ಇವೆರಡೂ ಸುಮಾರು 15 ವರ್ಷಗಳೊಳಗೆ ಸಂಭವಿಸಿವೆ. ಇಂದು ಆಂಡ್ರಾಯ್ಡ್ ಬಳಸಿ ರೂಢಿಯಾದವರು ಐಫೋನನ್ನು ಕೈಗೆತ್ತಿಕೊಂಡರೆ ಹೆಚ್ಚು ತಡವರಿಸಬೇಕಾಗಿಲ್ಲ. ವಿನ್ಯಾಸಕಾರರ ಕಲ್ಪನಾಶಕ್ತಿ ಬತ್ತಿದುದೇ ಈ ಸಾಮ್ಯಕ್ಕೆ ಕಾರಣವೆಂದು ಹೇಳುವವರುಂಟು. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ನಾವು ಇಲ್ಲಿ ವಿಚಾರಿಸಲಿದ್ದೇವೆ.

ಆರಂಭದಲ್ಲಿ ಏಕರೂಪತೆಯೆಂಬುದೇ ಇರಲಿಲ್ಲ. 1996ರ ಪಾಮ್ ಪೈಲಟ್ ಉಪಕರಣವು ಚಿತ್ರಸಂಕೇತಗಳ ಸಾಲುಗಳನ್ನು ತೋರಿಸಿ, ಕಡ್ಡಿಯಿಂದ ಮುಟ್ಟಲು ಹೇಳಿತು. 1998ರಲ್ಲಿ ಸ್ಥಾಪಿತವಾದ ಸಿಂಬಿಯನ್ ಸಂಸ್ಥೆಯ ವ್ಯವಸ್ಥೆಯು ಬಹುಮಟ್ಟಿಗೆ ಗುಂಡಿಗಳನ್ನು ಅವಲಂಬಿಸಿತು. ಬ್ಲ್ಯಾಕ್‌ಬೆರಿಯು ಅಕ್ಷರಗುಂಡಿಗಳ ಮಣೆಯನ್ನೇ ತನ್ನ ವೈಶಿಷ್ಟ್ಯವನ್ನಾಗಿ ಮಾಡಿಕೊಂಡಿತು. 2007ರಲ್ಲಿ ಬಂದ ಐಫೋನ್ ಇವೆಲ್ಲವನ್ನೂ ಬದಿಗಿಟ್ಟು ಬೆರಳು ಮತ್ತು ಗಾಜು ಇವೆರಡನ್ನೇ ನಂಬಿತು. ಆದರೂ ಅದು ಸರ್ವಾಂಗಪರಿಪೂರ್ಣವಾಗಿರಲಿಲ್ಲ. ಬರೆದುದನ್ನು ನಕಲಿಸಿ ಬೇರೆಡೆ ಅಂಟಿಸುವ ಸೌಲಭ್ಯವು ಅದಕ್ಕೆ ದೊರೆತುದು 2009ರಲ್ಲಿ.

ಮುಂದಿನ ದಶಕವು ಕೊಡುಕೊಳ್ಳುವಿಕೆಯ ಕಾಲ. ಸೂಚನೆಗಳನ್ನು ಮೇಲಿನಿಂದ ಕೆಳಕ್ಕೆಳೆದು ನೋಡುವ ಪರದೆಯು 2008ರ ಮೊದಲ ಆಂಡ್ರಾಯ್ಡ್ ಫೋನಿನಲ್ಲಿಯೇ ಇದ್ದಿತು. ಐಫೋನಿಗೆ ಅದು 2011ರಲ್ಲಿ ಬಂದಿತು. ಆಂಡ್ರಾಯ್ಡಿನಲ್ಲಿ 2009ರಿಂದ ಇದ್ದ ವಿಜೆಟ್‌ಗಳು ಐಫೋನಿನ ಮುಖಪುಟವನ್ನು ಸೇರಿದುದು 2020ರಲ್ಲಿ. ತೆರೆದ ಆಪ್‌ಗಳನ್ನು ಎಲೆಗಳಂತೆ ಸಾಲಾಗಿ ತೋರಿಸಿ, ಬೇಡವಾದುದನ್ನು ಮೇಲಕ್ಕೆ ತಳ್ಳುವ ಕ್ರಮವನ್ನು 2009ರಲ್ಲಿ ಪಾಮ್ ಸಂಸ್ಥೆಯ ವೆಬ್‌ಓಎಸ್ ರೂಢಿಗೆ ತಂದಿತು. ಆ ಫೋನುಗಳ ತಯಾರಿಕೆಯು 2011ರಲ್ಲಿ ನಿಂತುಹೋಯಿತಾದರೂ ಅದೇ ಬಗೆಯ ಕ್ರಮವನ್ನು ನಾವು 2017ರ ಐಫೋನ್ ಎಕ್ಸ್‌ನಲ್ಲಿಯೂ 2019ರ ಆಂಡ್ರಾಯ್ಡ್ 10ರಲ್ಲಿಯೂ ಕಾಣುತ್ತೇವೆ. ಹೀಗೆ, ಉಳಿದ ಎರಡು ವ್ಯವಸ್ಥೆಗಳು ಕೇವಲ ವಿಜೇತರಲ್ಲ, ಅಳಿದವುಗಳ ಉತ್ತರಾಧಿಕಾರಿಗಳೂ ಹೌದು.

ರೂಪವು ಸ್ಥಿರಗೊಳ್ಳಲು ಕಾರಣಗಳು ಮುಖ್ಯವಾಗಿ ಮೂರು. ಅಂಗೈಯ ಅಳತೆಯೂ ಹೆಬ್ಬೆರಳಿನ ಚಲನೆಯೂ ಬದಲಾಗುವಂಥವಲ್ಲ. ಕೋಟ್ಯಂತರ ಜನರ ಕೈಗೆ ಹತ್ತಿದ ಅಭ್ಯಾಸವನ್ನು ಕೆಡಿಸಲು ಯಾವ ಸಂಸ್ಥೆಯೂ ಸುಲಭವಾಗಿ ಒಪ್ಪದು. ಆಪ್‌ಗಳನ್ನು ರಚಿಸುವವರು ಎರಡಕ್ಕಿಂತ ಹೆಚ್ಚು ವ್ಯವಸ್ಥೆಗಳಿಗಾಗಿ ದುಡಿಯಲು ಹಿಂಜರಿಯುತ್ತಾರೆ. 2010ರಲ್ಲಿ ಹೊರಬಂದ ವಿಂಡೋಸ್ ಫೋನ್ ನೋಟದಲ್ಲಿ ನಿಜಕ್ಕೂ ಹೊಸದಾಗಿದ್ದರೂ ಆಪ್‌ಗಳ ಕೊರತೆಯಿಂದ ಬಳಲಿ ಮರೆಯಾದುದು ಮೂರನೆಯ ಕಾರಣಕ್ಕೆ ನಿದರ್ಶನ. ಅಲ್ಲಿಂದೀಚೆಗೆ ಬದಲಾವಣೆಯು ಹೊರಮೈಯಿಂದ ಒಳಕ್ಕೆ ಸರಿದಿದೆ. ಕ್ಯಾಮೆರಾ ಮುಂತಾದುವನ್ನು ಬಳಸುವ ಸಮಯದಲ್ಲಿಯೇ ಆಪ್ ಅನುಮತಿ ಕೇಳಬೇಕೆಂಬ ನಿಯಮವು 2015ರಲ್ಲಿ ಆಂಡ್ರಾಯ್ಡಿಗೆ ಬಂದಿತು. 2025ರಲ್ಲಿ ಆಪಲ್ ತನ್ನ ಪರದೆಗೆ ಗಾಜಿನ ಹೊಳಪನ್ನು ಕೊಟ್ಟಿತು. ಆದರೆ ಅದರ ಅಡಿಯಲ್ಲಿರುವ ವಿನ್ಯಾಸ ಬಹುಪಾಲು ಹಳೆಯದೇ.

ಆದ್ದರಿಂದ ಇದನ್ನು ಕಲ್ಪನೆಯ ಬರವೆನ್ನುವುದಕ್ಕಿಂತ ಒಂದು ಕಟ್ಟಳೆಯ ಸ್ಥಾಪನೆಯೆನ್ನುವುದು ಯುಕ್ತ. ಆದರೆ ಕಟ್ಟಳೆ ಏರ್ಪಡುವಾಗ ಯಾರು ಇದ್ದರು, ಯಾರು ಇರಲಿಲ್ಲ ಎಂಬ ಪ್ರಶ್ನೆಯು ನಮಗೆ ಮುಖ್ಯವಾದುದು. ಆಂಡ್ರಾಯ್ಡ್ ಕನ್ನಡ ಲಿಪಿಗೆ ವ್ಯವಸ್ಥೆಯೊಳಗೇ ಎಡೆಮಾಡಿಕೊಟ್ಟುದು 2012ರ 4.1ನೆಯ ಆವೃತ್ತಿಯಲ್ಲಿ, ಐಫೋನಿನೊಂದಿಗೇ ಕನ್ನಡ ಕೀಲಿಮಣೆ ಬಂದುದು 2017ರಲ್ಲಿ. ಅಷ್ಟರಲ್ಲಿ ಗಾಜಿನ ಮೇಲಿನ ಕೀಲಿಮಣೆಯ ಅಳತೆ, ಸಾಲು, ಬೆರಳಿನ ನಡೆ ಎಲ್ಲವೂ ಬಿಡಿಬಿಡಿ ಅಕ್ಷರಗಳ ರೋಮನ್ ಲಿಪಿಗೆ ಅನುಗುಣವಾಗಿ ನಿಶ್ಚಯವಾಗಿದ್ದವು. ಕಾಗುಣಿತವೂ ಒತ್ತಕ್ಷರವೂ ಉಳ್ಳ ನಮ್ಮ ಲಿಪಿಯು, ಎಲೆ ಹಾಕಿಯಾದ ಮೇಲೆ ಪಂಕ್ತಿಗೆ ಬಂದವರಂತೆ, ಇದ್ದ ಸ್ಥಳದಲ್ಲಿಯೇ ಒದಗಿಕೊಳ್ಳಬೇಕಾಯಿತು. ನೆಲೆನಿಂತ ರೂಪವನ್ನು ಸಹಜವೆಂದು ಒಪ್ಪಿಕೊಳ್ಳುವ ಮುನ್ನ ಚರಿತ್ರಕಾರರು ಇಂಥ ಸಂಗತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.