ಎರಡು ಪೆನ್ನಿಯ ಹಾಡು

ಹಾಡೊಂದು ಕಿವಿಗೆ ಬಿದ್ದು ಮನಸ್ಸಿಗೆ ಹಿಡಿಸಿತೆಂದರೆ ಅದನ್ನು ಮತ್ತೆ ಮತ್ತೆ ಕೇಳಬೇಕೆನಿಸುವುದು ಸಹಜ. ನಮಗೂ ನಿಮಗೂ ಇದು ಕಷ್ಟದ ಮಾತಲ್ಲ. ರೇಡಿಯೋ ಹಾಕಿ ಕಾದು ಕುಳಿತರೆ ಇಂದಲ್ಲ ನಾಳೆ ಆ ಹಾಡು ತಾನಾಗಿ ಮನೆಯೊಳಕ್ಕೆ ಬರುತ್ತದೆ. ಆದರೆ ರೇಡಿಯೋ ಪ್ರಸಾರ ಇನ್ನೂ ಹುಟ್ಟದಿದ್ದ, ಗ್ರಾಮಫೋನು ಆಗತಾನೆ ಕಣ್ಣು ಬಿಡುತ್ತಿದ್ದ ಕಾಲವನ್ನು ಒಂದು ಗಳಿಗೆ ನೆನೆದುಕೊಳ್ಳಿ. ಇಸವಿ 1900, ಊರು ಲಂಡನ್. ನಾಟಕಶಾಲೆಯಲ್ಲಿ ಕೇಳಿಬಂದ ಹಾಡನ್ನು ಮನೆಯಲ್ಲಿ ಮತ್ತೆ ಕೇಳಬೇಕಾದರೆ ಇದ್ದ ದಾರಿ ಹೆಚ್ಚುಕಡಿಮೆ ಒಂದೇ. ಅದರ ಸ್ವರಲಿಪಿಯನ್ನು ಅಚ್ಚುಹಾಕಿದ ಹಾಳೆಯನ್ನು ಅಂಗಡಿಯಿಂದ ತರಬೇಕು. ಪಿಯಾನೋದ ಮುಂದೆ ಇಟ್ಟುಕೊಂಡು ಮನೆಯವರೇ ನುಡಿಸಿ ಹಾಡಬೇಕು.

ಪಿಯಾನೋ ಎಂದರೆ ಸಿರಿವಂತರ ಸೊತ್ತು ಎಂದು ಭಾವಿಸಬೇಡಿ. ಆ ವೇಳೆಗೆ ತಿಂಗಳ ಕಂತಿನ ಮೇಲೆ ಅದನ್ನು ಕೊಡುವ ಪದ್ಧತಿ ಇಂಗ್ಲೆಂಡಿನಲ್ಲಿ ಚೆನ್ನಾಗಿ ಬೇರೂರಿತ್ತು. ಗುಮಾಸ್ತರು, ಚಿಕ್ಕ ಅಂಗಡಿಕಾರರು, ನುರಿತ ಕೆಲಸಗಾರರು ಕೂಡ ಹೊಟ್ಟೆಬಟ್ಟೆ ಕಟ್ಟಿ ಒಂದು ಪಿಯಾನೋ ಮಾಡಿಕೊಂಡಿದ್ದರು. ಕಷ್ಟವಿದ್ದದ್ದು ಹಾಳೆಯ ಬೆಲೆಯಲ್ಲಿ. ಹೊಸ ಹಾಡಿನ ಹಾಳೆಯ ಮೇಲೆ 4 ಷಿಲಿಂಗ್ ಎಂದು ಅಚ್ಚಾಗಿರುತ್ತಿತ್ತು. ಆ ಬೆಲೆ ಬರಿಯ ತೋರಿಕೆಯದು. ಅಂಗಡಿಯಲ್ಲಿ ಅದು 1 ಷಿಲಿಂಗ್ 4 ಪೆನ್ನಿಗೋ ಒಂದೂವರೆ ಷಿಲಿಂಗಿಗೋ ಸಿಗುತ್ತಿತ್ತು. ಹನ್ನೆರಡು ಪೆನ್ನಿಗೆ ಒಂದು ಷಿಲಿಂಗ್ ಎಂಬ ಹಳೆಯ ಲೆಕ್ಕ ನಮ್ಮ ಹಿರಿಯರಿಗೆ ಗೊತ್ತು. ಕಂತು ಕಟ್ಟುವ ಮನೆಗೆ ಆ ಹದಿನಾರು ಪೆನ್ನಿ ಸಣ್ಣ ಮೊತ್ತವಲ್ಲ.

ಹೀಗಿರುವಾಗ ಲಂಡನ್ನಿನ ರಸ್ತೆಗಳ ಅಂಚಿನಲ್ಲಿ ಹೊಸ ಬಗೆಯ ವ್ಯಾಪಾರಿಗಳು ಕಾಣಿಸಿಕೊಂಡರು. ತೋಳಿನ ಮೇಲೆ ಹಾಳೆಗಳ ಕಟ್ಟು. ಬಾಯಲ್ಲಿ ಒಂದೇ ಕೂಗು, ‘ಎರಡು ಪೆನ್ನಿ!’ ಅಂಗಡಿಯ ಹಾಳೆಯಲ್ಲಿದ್ದ ಅದೇ ಹಾಡು, ಅದೇ ಸ್ವರ, ಅದೇ ಪದ. ಕಾಗದ ಮಾತ್ರ ತೆಳು, ಅಚ್ಚು ಸ್ವಲ್ಪ ಮಸುಕು. ಅಂಗಡಿಯಲ್ಲಿ ಒಂದು ಹಾಡಿಗೆ ತೆರುವ ಹಣಕ್ಕೆ ಬೀದಿಯಲ್ಲಿ ಎಂಟು ಹಾಡು!

ಇದು ಸಾಧ್ಯವಾದದ್ದು ಕಲ್ಲಚ್ಚಿನ ಹೊಸ ವಿಧಾನದಿಂದ. ಮೊದಲಾದರೆ ಸ್ವರಗಳನ್ನು ಲೋಹದ ತಗಡಿನ ಮೇಲೆ ಒಂದೊಂದಾಗಿ ಕೊರೆಯಬೇಕಾಗಿತ್ತು. ಅದಕ್ಕೆ ಪಳಗಿದ ಕೈ ಬೇಕು, ದಿನಗಳು ಬೇಕು. ಈಗ ಅಂಗಡಿಯಿಂದ ಒಂದು ಪ್ರತಿ ಕೊಂಡು ತಂದು, ಅದರ ಛಾಯಾಚಿತ್ರ ತೆಗೆದು, ಆ ಚಿತ್ರವನ್ನೇ ಅಚ್ಚಿನ ತಗಡಿಗೆ ಇಳಿಸಿದರೆ ಮುಗಿಯಿತು. ಹಾಡು ಕಟ್ಟಿದವನಿಗೆ ಕೊಡುವುದಿಲ್ಲ, ಅದನ್ನು ಸಭೆಯಲ್ಲಿ ಹಾಡಿ ಹೆಸರು ತಂದುಕೊಟ್ಟ ಗಾಯಕರಿಗೆ ಕೊಡುವುದಿಲ್ಲ, ಜಾಹೀರಾತಿಗೆ ಕಾಸಿಲ್ಲ. ಇನ್ನೂ ಒಂದು ಅನುಕೂಲವಿತ್ತು. ಪ್ರಕಾಶಕರು ಹತ್ತು ಹಾಡು ಅಚ್ಚುಹಾಕಿದರೆ ಒಂದೆರಡು ಗೆಲ್ಲುತ್ತಿದ್ದವು, ಉಳಿದವು ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದವು. ಕಳ್ಳಮುದ್ರಕನಿಗೆ ಆ ಚಿಂತೆಯೇ ಇಲ್ಲ. ಗೆದ್ದದ್ದನ್ನು ಮಾತ್ರ ಆರಿಸಿಕೊಂಡರೆ ಸಾಕು.

ಕಾನೂನು ಏನು ಮಾಡುತ್ತಿತ್ತು ಎಂದು ನೀವು ಕೇಳಬಹುದು. ಕೃತಿಸ್ವಾಮ್ಯದ ಕಾನೂನು ಇತ್ತು, ಆದರೆ ಅದು ಸಿವಿಲ್ ವ್ಯವಹಾರ. ಹಕ್ಕುಳ್ಳವನು ದಾವೆ ಹೂಡಿ ನಷ್ಟ ತುಂಬಿಸಿಕೊಳ್ಳಬೇಕು. ಬೀದಿಯಲ್ಲಿ ನಿಂತು ಮಾರುವವನ ಮೇಲೆ ದಾವೆ ಹೂಡಿ ಗೆದ್ದರೂ ಅವನಿಂದ ವಸೂಲು ಮಾಡುವುದಾದರೂ ಏನನ್ನು?

ಪ್ರಕಾಶಕರು ಪಾರ್ಲಿಮೆಂಟಿನ ಬಾಗಿಲು ತಟ್ಟಿದರು. 1902ರಲ್ಲಿ ಸಂಗೀತಕೃತಿಗಳಿಗೆಂದೇ ಒಂದು ಪುಟ್ಟ ಕಾಯಿದೆ ಬಂತು. ಹಕ್ಕುದಾರನು ತನ್ನ ಜವಾಬ್ದಾರಿಯ ಮೇಲೆ ಬರೆದುಕೊಟ್ಟರೆ ಪೋಲೀಸಿನವನು ವಾರಂಟಿಲ್ಲದೆ ಕಳ್ಳಪ್ರತಿಗಳನ್ನು ವಶಪಡಿಸಿಕೊಳ್ಳಬಹುದು. ಅವನ್ನು ಮ್ಯಾಜಿಸ್ಟ್ರೇಟರ ಮುಂದೆ ತಂದರೆ ಅವರು ನಾಶಪಡಿಸಲು ಅಪ್ಪಣೆ ಕೊಡಬಹುದು. ಓದುವುದಕ್ಕೆ ಬಿಗಿಯಾಗಿಯೇ ಇದೆ. ನಡೆದದ್ದನ್ನು ನೋಡಿದರೆ ಮಾತ್ರ ನಗು ಬರುತ್ತದೆ. ಕಾಯಿದೆಯಲ್ಲಿ ಜುಲ್ಮಾನೆ ಇಲ್ಲ, ಸೆರೆಮನೆಯೂ ಇಲ್ಲ. ಹಾಳೆ ಹೋದವನು ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಕಟ್ಟು ತಂದು ಪಕ್ಕದ ಬೀದಿಯಲ್ಲಿ ನಿಲ್ಲುತ್ತಿದ್ದ. ವಶಪಡಿಸಿಕೊಂಡದ್ದನ್ನು ಸುಡುವುದಕ್ಕೂ ಮುಂಚೆ ಮಾರಿದವನಿಗೆ ಸಮನ್ಸು ಕೊಟ್ಟು ಕರೆಸಬೇಕಾಗಿತ್ತು. ಅವನು ಕೊಟ್ಟ ಹೆಸರು ಸುಳ್ಳು, ವಿಳಾಸ ಸುಳ್ಳು. ಹೀಗಾಗಿ ಹಾಳೆಗಳ ರಾಶಿ ಬೆಳೆಯುತ್ತ ಹೋಯಿತೇ ಹೊರತು ಕರಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯೇ ಇತ್ತು. ಹೊತ್ತು ಮಾರುವ, ಮಾರಾಟಕ್ಕಿಟ್ಟ ಪ್ರತಿಗಳನ್ನು ಹಿಡಿಯಬಹುದಾಗಿತ್ತಲ್ಲದೆ, ಅವು ಅಚ್ಚಾಗುವ ಮನೆಯ ಹೊಸ್ತಿಲು ದಾಟಲು ಪೋಲೀಸರಿಗೆ ಅಧಿಕಾರವಿರಲಿಲ್ಲ. ಒಳಗೆ ಸಾವಿರಾರು ಹಾಳೆ ಪೇರಿಸಿಟ್ಟಿದೆಯೆಂದು ಗೊತ್ತಿದ್ದರೂ ಹೊರಗೆ ನಿಂತು ನೋಡಬೇಕು. ಆಗ ಪ್ರಕಾಶಕರ ಸಂಘದವರು ತಮ್ಮದೇ ಒಂದು ಪಡೆ ಕಟ್ಟಿದರು. ನಿವೃತ್ತ ಪೋಲೀಸಿನವರನ್ನು ಸಂಬಳಕ್ಕಿಟ್ಟುಕೊಂಡು ಕಳ್ಳಸರಕಿನ ಜಾಡು ಹಿಡಿಸಿದರು. ಈ ಪಡೆಯ ಮುಂದಾಳು ಆರ್ಥರ್ ಪ್ರೆಸ್ಟನ್ ಎಂಬಾತ. ಇವರು ಬೀದಿಯವರ ಕೈಯಿಂದ ಹಾಳೆ ಕಿತ್ತುಕೊಂಡದ್ದೂ ಉಂಟು, ಮನೆಗಳೊಳಕ್ಕೆ ನುಗ್ಗಿದ್ದೂ ಉಂಟು. ಖಾಸಗಿ ವ್ಯಾಪಾರದ ಆಳುಗಳು ಸರ್ಕಾರದ ಕೆಲಸ ಮಾಡಹೊರಟಾಗ ನ್ಯಾಯ ಯಾವ ಕಡೆಗಿದೆ ಎಂದು ಹೇಳುವುದು ಕಷ್ಟವಾಗುತ್ತದೆ. ದೋಚಿಹೋದವರು ತಾವೆಂದು ಪ್ರಕಾಶಕರು ಹೇಳುತ್ತಿದ್ದಾಗಲೇ, ದಬ್ಬಾಳಿಕೆ ನಡೆಸುವವರು ಅವರೇ ಎಂಬ ಕೂಗು ಇನ್ನೊಂದು ಕಡೆಯಿಂದ ಎದ್ದಿತು.

ಕಳ್ಳಮುದ್ರಣದ ಅರಸನೆಂದು ಹೆಸರಾಗಿದ್ದ ಜೇಮ್ಸ್ ಫ್ರೆಡರಿಕ್ ವಿಲೆಟ್ಸ್ ಎಂಬವನ ಕಥೆ ಇಲ್ಲಿ ಬರುತ್ತದೆ. 1904ರಲ್ಲಿ ಸರ್ಕಾರವು ಈ ವಿಷಯದ ವಿಚಾರಣೆಗೆ ಒಂದು ಸಮಿತಿ ನೇಮಿಸಿತು. ತಲೆಮರೆಸಿಕೊಳ್ಳಬೇಕಾಗಿದ್ದ ವಿಲೆಟ್ಸ್ ತಾನೇ ಅದರ ಮುಂದೆ ಬಂದು ಸಾಕ್ಷ್ಯ ನುಡಿದ! ಅವನ ವಾದದ ತಿರುಳು ಇಷ್ಟು: ಪ್ರಕಾಶಕರ ಬೆಲೆ ಬಡವರಿಗೆ ಎಟುಕುವಂಥದಲ್ಲ, ನನ್ನಿಂದ ಕೊಳ್ಳುವವರು ಅವರ ಅಂಗಡಿ ಹತ್ತುವವರಲ್ಲ, ನಾನು ಅವರ ಗಿರಾಕಿಯನ್ನು ಕದ್ದಿಲ್ಲ, ಹಾಡನ್ನು ಇನ್ನಷ್ಟು ಮನೆಗಳಿಗೆ ಮುಟ್ಟಿಸಿದ್ದೇನೆ. ಕಳ್ಳನ ಬಾಯಿಂದ ಬಂದ ಮಾತೆಂದು ತಳ್ಳಿಹಾಕಬಹುದಾಗಿತ್ತು. ಆದರೆ ಸಮಿತಿಯಲ್ಲಿದ್ದ ಜೇಮ್ಸ್ ಕಾಲ್ಡ್‌ವೆಲ್ ಎಂಬ ಪಾರ್ಲಿಮೆಂಟಿನ ಸದಸ್ಯರು ಹಾಗೆ ಮಾಡಲಿಲ್ಲ. ಉಳಿದವರಿಂದ ಬೇರೆಯಾಗಿ ತಮ್ಮ ವರದಿ ಬರೆದು, ರೋಗದ ಮೂಲ ಬೆಲೆಯಲ್ಲಿದೆ ಎಂದರು. ಸಭೆಯಲ್ಲಿ ಮಸೂದೆ ಬಂದಾಗ ಹೊತ್ತು ಕಳೆಯುವಂತೆ ಮಾತನಾಡಿ ಅದು ಮುಂದೆ ಸಾಗದಂತೆ ನೋಡಿಕೊಂಡರು. ಸ್ಕಾಟ್‌ಲೆಂಡಿನ ಈ ಮನುಷ್ಯ ಚೀಟಿಬಟ್ಟೆಯ ಅಚ್ಚಿನ ವ್ಯಾಪಾರದಲ್ಲಿ ಪಳಗಿದವರು. ಅಚ್ಚಿಗೆ ಬೀಳುವ ಖರ್ಚು ಎಷ್ಟೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವಿಲೆಟ್ಸನ ವಾದದಲ್ಲಿ ಅರ್ಧ ನಿಜವಿತ್ತೆಂದೇ ನನಗೆ ತೋರುತ್ತದೆ. ಬಿಟ್ಟುಹೋದ ಅರ್ಧ ಹಾಡು ಕಟ್ಟಿದವನದು. ‘ಫ್ಲೋರೊಡೋರಾ’ ಎಂಬ ಸಂಗೀತನಾಟಕದಿಂದ ಮನೆಮಾತಾಗಿದ್ದ ಲೆಸ್ಲಿ ಸ್ಟುವರ್ಟರಂಥವರ ಹಾಡುಗಳನ್ನು ಬೀದಿಬೀದಿಯಲ್ಲಿ ಮಾರುತ್ತಿದ್ದರು. ಆ ಎರಡು ಪೆನ್ನಿಯಲ್ಲಿ ಅವರಿಗೆ ಒಂದು ಕಾಸೂ ಸೇರುತ್ತಿರಲಿಲ್ಲ. ಹಾಡನ್ನು ಬಡವನ ಮನೆಗೆ ಮುಟ್ಟಿಸಿದ ಪುಣ್ಯ ವಿಲೆಟ್ಸನದೇ ಇರಲಿ. ಅದರ ಖರ್ಚನ್ನು ಮಾತ್ರ ಅವನು ಇನ್ನೊಬ್ಬರ ಕೈಯಿಂದ ತೆರಿಸಿದ.

1905ರಲ್ಲಿ ಪ್ರಕಾಶಕರು ಬೇಸತ್ತು, ಕಾನೂನು ಬರುವವರೆಗೆ ಹೊಸ ಹಾಡುಗಳಿಗೆ ಹಣ ಹಾಕುವುದಿಲ್ಲವೆಂದು ಸಾರಿದರು. ಒಂದು ರೀತಿಯ ಮುಷ್ಕರವೇ. ಇನ್ನೊಂದು ಕಡೆ ನ್ಯಾಯವಾದಿಗಳು ಹೊಸ ಉಪಾಯ ಹುಡುಕಿದರು. ಹಾಡಿನ ಕಳ್ಳಮುದ್ರಣ ಅಪರಾಧವಲ್ಲದಿದ್ದರೆ ಬೇಡ, ಹಲವರು ಕೂಡಿ ಇನ್ನೊಬ್ಬರ ಸ್ವತ್ತನ್ನು ಕೆಡಿಸಲು ಒಳಸಂಚು ನಡೆಸುವುದು ಅಪರಾಧ ತಾನೆ? ವಿಲೆಟ್ಸ್ ಮತ್ತು ಅವನ ಜೊತೆಗಾರರ ಮೇಲೆ ಒಳಸಂಚಿನ ಮೊಕದ್ದಮೆ ನಡೆಯಿತು. 1906ರ ಜನವರಿಯಲ್ಲಿ ಅವನಿಗೆ 9 ತಿಂಗಳ ಸೆರೆಯಾಯಿತು.

ಅದೇ ವರ್ಷ ಚುನಾವಣೆ ನಡೆದು ಹೊಸ ಪಾರ್ಲಿಮೆಂಟು ಬಂದಿತ್ತು. ಐರಿಷ್ ಸದಸ್ಯರೂ ಪತ್ರಿಕೋದ್ಯಮಿಯೂ ಆಗಿದ್ದ ಟಿ. ಪಿ. ಓಕಾನರ್ ತಂದ ಮಸೂದೆ 1906ರ ಆಗಸ್ಟಿನಲ್ಲಿ ಕಾಯಿದೆಯಾಯಿತು. ಈ ಸಲ ಹಲ್ಲು ಗಟ್ಟಿಯಾಗಿತ್ತು. ಮೊದಲ ತಪ್ಪಿಗೆ 5 ಪೌಂಡಿನವರೆಗೆ ಜುಲ್ಮಾನೆ. ಮತ್ತೆ ಸಿಕ್ಕಿಬಿದ್ದರೆ 10 ಪೌಂಡು ಇಲ್ಲವೆ ಎರಡು ತಿಂಗಳವರೆಗೆ ಸಜೆ. ಮಾರುವವನಷ್ಟೇ ಅಲ್ಲ, ಅಚ್ಚುಹಾಕುವವನೂ ಅದಕ್ಕೆಂದು ತಗಡು ಇಟ್ಟುಕೊಂಡವನೂ ಅಪರಾಧಿ. ಮ್ಯಾಜಿಸ್ಟ್ರೇಟರ ವಾರಂಟು ಪಡೆದು ಬೆಳಗಿನ ಆರರಿಂದ ರಾತ್ರಿ ಒಂಬತ್ತರೊಳಗೆ ಪೋಲೀಸರು ಮನೆಯೊಳಕ್ಕೆ ಹೋಗಬಹುದು. ನಾಲ್ಕು ವರ್ಷ ಬೀದಿಯ ತುದಿಯಲ್ಲಿ ಓಡಾಡಿದ ಕಾನೂನು ಕಡೆಗೂ ಅಚ್ಚಿನ ಯಂತ್ರದ ಬಳಿಗೆ ಬಂದಿತು. ಎರಡು ಪೆನ್ನಿಯ ಕೂಗೂ ಮೆಲ್ಲಮೆಲ್ಲನೆ ಅಡಗಿತು.

ಆದರೆ ಅದೇ ಕಾಯಿದೆಯಲ್ಲಿ ಒಂದು ಸಣ್ಣ ಮಾತು ಸೇರಿಕೊಂಡಿತ್ತು. ಯಂತ್ರವಾದ್ಯಗಳನ್ನು ನುಡಿಸುವ ತೂತುಗಳ ಕಾಗದದ ಸುರುಳಿಗಳಿಗೂ ಧ್ವನಿಯನ್ನು ಮರಳಿ ಕೇಳಿಸುವ ರೆಕಾರ್ಡುಗಳಿಗೂ ಈ ಕಾಯಿದೆ ಅನ್ವಯಿಸುವುದಿಲ್ಲ ಎಂಬುದೇ ಆ ಮಾತು. ಹಾಡೆಂದರೆ ಕಣ್ಣಿಗೆ ಕಾಣುವ ಹಾಳೆ ಎಂದು ನ್ಯಾಯಾಲಯಗಳು ಆಗಲೇ ತಿಳಿದಿದ್ದವು. ಕಾಗದದ ಸುರುಳಿ ಹಾಡಿನ ಪ್ರತಿಯಲ್ಲವೆಂಬ ತೀರ್ಪು 1899ರಲ್ಲೇ ಬಂದಿತ್ತು. ಹಾಳೆಯ ಕಳ್ಳರನ್ನು ಹಿಡಿಯುವ ಭರದಲ್ಲಿ, ಹಾಡು ಹಾಳೆಯನ್ನು ಬಿಟ್ಟು ತಟ್ಟೆಯ ಮೇಲೆ ಹತ್ತಿ ಕುಳಿತದ್ದನ್ನು ಶಾಸನಕರ್ತರು ಗಣಿಸಲಿಲ್ಲ.

ಆ ತಟ್ಟೆ ನಮ್ಮ ದೇಶಕ್ಕೂ ಬಂದಿತ್ತು. ಇಂಗ್ಲೆಂಡಿನಲ್ಲಿ ಮೊದಲ ಕಾಯಿದೆ ಜಾರಿಗೆ ಬಂದ 1902ರಲ್ಲೇ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಗ್ರಾಮಫೋನಿಗೆ ಹಿಡಿದರು. ಹಾಡು ಮುಗಿದ ಮೇಲೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿಕೊಳ್ಳುವುದನ್ನು ಹಳೆಯ ತಟ್ಟೆ ಕೇಳಿದವರು ಮರೆಯಲಾರರು. ತಟ್ಟೆ ಒತ್ತಲು ಜರ್ಮನಿಗೆ ಹೋಗಬೇಕಾಗಿತ್ತು, ಅಲ್ಲಿಯವರಿಗೆ ಇದು ಯಾರ ಹಾಡೆಂದು ತಿಳಿಯಲಿ ಎಂದು ಮಾಡಿದ ಏರ್ಪಾಡು ಅದು. ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದ ಆಕೆ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ತಟ್ಟೆಯ ಮೇಲಿನ ಹಾಡಿಗೂ ಒಡೆಯನುಂಟೆಂದು ಒಪ್ಪಿದ್ದು 1911ರ ಬ್ರಿಟಿಷ್ ಕಾಯಿದೆ. 1914ರಲ್ಲಿ ಅದನ್ನು ಕೆಲವು ಮಾರ್ಪಾಟುಗಳೊಡನೆ ಬ್ರಿಟಿಷ್ ಇಂಡಿಯಾಕ್ಕೂ ಹೊಂದಿಸಿದರು. ಸ್ವತಂತ್ರ ಭಾರತದ ಸ್ವಂತ ಕೃತಿಸ್ವಾಮ್ಯ ಕಾಯಿದೆ 1957ರದು. ಕ್ಯಾಸೆಟ್ಟಿನ ಕಾಲ ಬಂದು ಮನೆಮನೆಯಲ್ಲೂ ನಕಲು ತೆಗೆಯುವ ಯಂತ್ರ ಕಾಣಿಸಿಕೊಂಡಾಗ, 1984ರಲ್ಲಿ ಅದನ್ನು ತಿದ್ದಿದರು. ಸಬ್ ಇನ್‌ಸ್ಪೆಕ್ಟರಿಗೂ ಮೇಲ್ಪಟ್ಟವರಿಗೂ ವಾರಂಟಿಲ್ಲದೆ ಕಳ್ಳಪ್ರತಿಗಳನ್ನು ವಶಪಡಿಸಿಕೊಳ್ಳುವ ಅಧಿಕಾರ ಬಂತು. ಪ್ರತಿಗಳೊಡನೆ ಅವನ್ನು ತಯಾರಿಸುವ ಅಚ್ಚುಗಳನ್ನೂ ಹಿಡಿಯಬಹುದೆಂದು ಆ ತಿದ್ದುಪಡಿಯಲ್ಲಿ ಬರೆದಿದೆ.