ಅಧಿಕ ಅಣುತೂಕದ ಪಾಲಿಎಥಿಲೀನ್

ಅಧಿಕ ಅಣುತೂಕದ ಪಾಲಿಎಥಿಲೀನ್ ಎಂಬುದು ಎಥಿಲೀನ್ ಅನಿಲದ ಅಣುಗಳು ಬಹು ಉದ್ದವಾದ ಸರಪಳಿಗಳಾಗಿ ಕೂಡಿಕೊಂಡು ಉಂಟಾಗುವ ಪಾಲಿಮರ್. ಮೂಲ ರಾಸಾಯನಿಕ ರಚನೆಯಲ್ಲಿ ಇದಕ್ಕೂ ಸಾಮಾನ್ಯ ಪಾಲಿಎಥಿಲೀನ್‌ಗೂ ವ್ಯತ್ಯಾಸವಿಲ್ಲ; ಗುಣಗಳ ಭೇದಕ್ಕೆ ಸರಪಳಿಯ ಉದ್ದವೇ ಮುಖ್ಯ ಕಾರಣ. ಅತ್ಯಧಿಕ ಅಣುತೂಕದ ಬಗೆಯಲ್ಲಿ ಸರಾಸರಿ ಅಣುತೂಕವು ಸಾಮಾನ್ಯವಾಗಿ 30 ಲಕ್ಷವನ್ನು ಮೀರುತ್ತದೆ. ಒಂದು ಎಥಿಲೀನ್ ಘಟಕದ ತೂಕ 28 ಆದ್ದರಿಂದ, 35 ಲಕ್ಷ ಅಣುತೂಕದ ಸರಪಳಿಯಲ್ಲಿ 1.25 ಲಕ್ಷ ಘಟಕಗಳಿರುತ್ತವೆ.

ಇತಿಹಾಸ

1933ರಲ್ಲಿ ಇಂಗ್ಲೆಂಡಿನ ಐಸಿಐ ಸಂಸ್ಥೆಯ ರಸಾಯನಶಾಸ್ತ್ರಜ್ಞರು ಅತಿ ಹೆಚ್ಚಿನ ಒತ್ತಡದಲ್ಲಿ ಪಾಲಿಎಥಿಲೀನ್ ಪಡೆದರು. ಅದರ ಸರಪಳಿಗಳು ಹೆಚ್ಚು ಕವಲೊಡೆದಿದ್ದವು. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಅವರು ಟೈಟಾನಿಯಂ ಕ್ಲೋರೈಡ್ ಮತ್ತು ಅಲ್ಯೂಮಿನಿಯಂ ಆಲ್ಕೈಲ್‌ಗಳ ಕ್ರಿಯಾವರ್ಧಕದಿಂದ ಕಡಿಮೆ ಒತ್ತಡದಲ್ಲಿಯೇ ಕವಲುಗಳಿಲ್ಲದ ಉದ್ದ ಸರಪಳಿಗಳನ್ನು ತಯಾರಿಸಿದರು. ಝೀಗ್ಲರ್ ಮತ್ತು ಜೂಲಿಯೊ ನಟ್ಟಾ ಅವರಿಗೆ 1963ರ ನೊಬೆಲ್ ಪ್ರಶಸ್ತಿ ದೊರೆಯಿತು.

ಉತ್ಪಾದನೆ

ಹೆಕ್ಸೇನ್‌ನಂತಹ ದ್ರವದಲ್ಲಿ ಕ್ರಿಯಾವರ್ಧಕವನ್ನು ತೇಲಿಸಿ ಎಥಿಲೀನ್ ಅನಿಲವನ್ನು ಹಾಯಿಸಲಾಗುತ್ತದೆ. ಹೈಡ್ರೋಜನ್ ಸೇರಿಸಿದರೆ ಸರಪಳಿಯ ಬೆಳವಣಿಗೆ ಬೇಗ ನಿಲ್ಲುತ್ತದೆ. ಆದ್ದರಿಂದ ಉದ್ದ ಸರಪಳಿಗಳು ಬೇಕಾದಾಗ ಹೈಡ್ರೋಜನ್‌ನ ಪ್ರಮಾಣವನ್ನು ತೀರ ಕಡಿಮೆ ಇಡಲಾಗುತ್ತದೆ; ಉಷ್ಣತೆಯನ್ನೂ ತಗ್ಗಿಸಲಾಗುತ್ತದೆ. ಉತ್ಪನ್ನವು ಬಿಳಿಯ ಪುಡಿಯಾಗಿ ದೊರೆಯುತ್ತದೆ. ಅತ್ಯಧಿಕ ಅಣುತೂಕದ ಪುಡಿ ಕರಗಿದರೂ ಹರಿಯದ ಕಾರಣ, ಅದನ್ನು ಅಚ್ಚಿನಲ್ಲಿ ಕಾಯಿಸಿ ಒತ್ತಿ ಹಲಗೆ ಅಥವಾ ದಿಂಡುಗಳನ್ನಾಗಿ ಮಾಡಲಾಗುತ್ತದೆ.

ನೀರಿನ ಕೊಳವೆಗಳ ದರ್ಜೆಯನ್ನು ಅನೇಕ ಕಾರ್ಖಾನೆಗಳು ಎರಡು ಹಂತಗಳಲ್ಲಿ ತಯಾರಿಸುತ್ತವೆ. ಒಂದು ಹಂತದಲ್ಲಿ ಬೆಳೆಯುವ ಗಿಡ್ಡ ಸರಪಳಿಗಳು ಕೊಳವೆಯನ್ನು ರೂಪಿಸುವುದನ್ನು ಸುಲಭಗೊಳಿಸುತ್ತವೆ. ಇನ್ನೊಂದು ಹಂತದ ಉದ್ದ ಸರಪಳಿಗಳು ಸ್ಫಟಿಕಗಳನ್ನು ಪರಸ್ಪರ ಬಂಧಿಸಿ ಬಿರುಕು ಹಬ್ಬದಂತೆ ತಡೆಯುತ್ತವೆ.

ಗುಣನಿರ್ಧಾರ

ಒಂದೇ ಮಾದರಿಯಲ್ಲಿ ಬೇರೆ ಬೇರೆ ಉದ್ದದ ಸರಪಳಿಗಳಿರುವುದರಿಂದ ಅಣುತೂಕವನ್ನು ಸರಾಸರಿಯಾಗಿ ಹೇಳಲಾಗುತ್ತದೆ. 1 ಲಕ್ಷ ಮತ್ತು 3 ಲಕ್ಷ ತೂಕದ ತಲಾ ಒಂದು ಸರಪಳಿ ಇದ್ದರೆ ಸಂಖ್ಯಾ ಸರಾಸರಿ 2 ಲಕ್ಷ, ತೂಕ ಸರಾಸರಿ 2.5 ಲಕ್ಷ. ಎರಡರ ಅನುಪಾತವು ಸರಪಳಿಗಳ ಉದ್ದದಲ್ಲಿರುವ ಹರವನ್ನು ಸೂಚಿಸುತ್ತದೆ.

* ಸ್ನಿಗ್ಧತೆ: ಮಾದರಿಯನ್ನು 135 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಡೆಕಾಲಿನ್‌ನಲ್ಲಿ ಕರಗಿಸಿ, ತೆಳು ದ್ರಾವಣವು ಸೂಕ್ಷ್ಮ ನಳಿಕೆಯಲ್ಲಿ ಇಳಿಯುವ ಕಾಲವನ್ನು ಅಳೆದು ಅಣುತೂಕವನ್ನು ಲೆಕ್ಕಹಾಕಲಾಗುತ್ತದೆ.
* ಜೆಲ್ ಕ್ರೊಮ್ಯಾಟೋಗ್ರಫಿ: ಇದು ಸರಪಳಿಗಳನ್ನು ಗಾತ್ರಕ್ಕೆ ಅನುಗುಣವಾಗಿ ಬೇರ್ಪಡಿಸುತ್ತದೆ. ಅತಿ ಉದ್ದದ ಸರಪಳಿಗಳು ಉಪಕರಣದೊಳಗೇ ತುಂಡಾಗುವ ಸಂಭವವಿರುವುದರಿಂದ ಅಳತೆ ನಿಜಕ್ಕಿಂತ ಕಡಿಮೆ ಬರಬಹುದು.
* ಉಷ್ಣ ವಿಶ್ಲೇಷಣೆ: ಕರಗಲು ಬೇಕಾದ ಶಾಖವನ್ನು, ಪೂರ್ಣ ಸ್ಫಟಿಕಕ್ಕೆ ಬೇಕಾಗುವ ಪ್ರತಿ ಗ್ರಾಂಗೆ ಸುಮಾರು 293 ಜೂಲ್‌ನೊಂದಿಗೆ ಹೋಲಿಸಿ ಸ್ಫಟಿಕತೆಯನ್ನು ತಿಳಿಯಲಾಗುತ್ತದೆ.

ದ್ರವದ ಹರಿವನ್ನು ಅಳೆಯುವ ಸಾಮಾನ್ಯ ಪರೀಕ್ಷೆ ಅತ್ಯಧಿಕ ಅಣುತೂಕದ ಬಗೆಗೆ ಉಪಯೋಗಕ್ಕೆ ಬರುವುದಿಲ್ಲ.

ಉಪಯೋಗಗಳು

ಸವೆತಕ್ಕೆ ಜಗ್ಗದ ಗುಣದಿಂದಾಗಿ ಇದನ್ನು ಯಂತ್ರಭಾಗಗಳಲ್ಲಿ ಬಳಸುತ್ತಾರೆ. 1962ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ ಇದನ್ನು ಕೃತಕ ಸೊಂಟದ ಕೀಲಿಗೆ ಅಳವಡಿಸಿದರು. ಕೃತಕ ಮಂಡಿಗಳಲ್ಲಿಯೂ ಇದು ಬಳಕೆಯಲ್ಲಿದೆ. ಇದರ ಎಳೆಗಳಿಂದ ಗುಂಡುನಿರೋಧಕ ಕವಚ ಮತ್ತು ಹಗ್ಗಗಳನ್ನು ತಯಾರಿಸುತ್ತಾರೆ.

ಕರ್ನಾಟಕದಲ್ಲಿ

ವಿಶ್ವಬ್ಯಾಂಕ್ ನೆರವಿನ ನಗರ ನೀರು ಸರಬರಾಜು ಸುಧಾರಣಾ ಯೋಜನೆಯಡಿ 2008ರಲ್ಲಿ ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ ನಗರಗಳ ಆಯ್ದ ವಲಯಗಳಲ್ಲಿ ದಿನದ 24 ಗಂಟೆಯೂ ನೀರು ಪೂರೈಕೆ ಆರಂಭವಾಯಿತು. ಈ ವಲಯಗಳ ಹಳೆಯ ಜಾಲದ ಬದಲಿಗೆ ಅಧಿಕ ಸಾಂದ್ರತೆಯ ಪಾಲಿಎಥಿಲೀನ್ ಕೊಳವೆಗಳನ್ನು ಹಾಕಲಾಯಿತು. ಬೆಳಗಾವಿಗೆ ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ನೀರು ಬರುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ನದಿಯು ಹುಬ್ಬಳ್ಳಿ-ಧಾರವಾಡಕ್ಕೆ ಆಧಾರವಾಗಿದೆ. ನಿರಂತರ ಒತ್ತಡದಲ್ಲಿರುವ ಜಾಲದಲ್ಲಿ ಕೊಳವೆ ಬಿರಿದರೆ ನೀರು ಸತತವಾಗಿ ಪೋಲಾಗುತ್ತದೆ. ಹೀಗಾಗಿ ಕೊಳವೆಯ ದರ್ಜೆಯನ್ನು 20 ಡಿಗ್ರಿಯಲ್ಲಿ 50 ವರ್ಷ ತಾಳಬಲ್ಲ ಒತ್ತಡದ ಆಧಾರದ ಮೇಲೆ ನಿಗದಿಪಡಿಸುತ್ತಾರೆ. ಭಾರತದಲ್ಲಿ ಇಂತಹ ಕೊಳವೆಗಳಿಗೆ ಐಎಸ್ 4984 ಮಾನಕ ಅನ್ವಯಿಸುತ್ತದೆ.

ಬೆಳಗಾವಿಯಲ್ಲಿ ಕೇಂದ್ರ ಕಚೇರಿಯಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ರಸಾಯನಶಾಸ್ತ್ರ ಪಠ್ಯಕ್ರಮದಲ್ಲಿ ಪಾಲಿಮರ್‌ಗಳ ಸರಾಸರಿ ಅಣುತೂಕದ ಲೆಕ್ಕಗಳು ಸೇರಿವೆ.