ಪುಸ್ತಕ ಕೊಳ್ಳುವ ಮೊದಲು ಇಸವಿ ನೋಡಿ

ವಿಶೇಷ ಶಿಕ್ಷಣದ ಬಿ.ಎಡ್.ಗೆ ಸೇರಿದ ಹಳ್ಳಿಯ ಹುಡುಗಿಯೊಬ್ಬಳು ನಮ್ಮನ್ನು ಕೇಳಿದಳು: 'ಮೊದಲು ಯಾವ ಪುಸ್ತಕ ತಗೊಳ್ಳಲಿ?' ಅದು ಅಚ್ಚಾದ ವರ್ಷ ನೋಡಮ್ಮ ಅಂದೆವು. ಯಾಕೆ ಅನ್ನುವುದಕ್ಕೆ ದೊಡ್ಡ ಕತೆಯೇ ಇದೆ.

ಫ್ರಾನ್ಸಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ವೈದ್ಯ ಎಡ್ವರ್ಡ್ ಸೆಗ್ವಿನ್ 1866ರಲ್ಲಿ ಒಂದು ಪುಸ್ತಕ ಬರೆದರು. ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳೂ ಕಲಿಯಬಲ್ಲರು, ಕೈ, ಕಣ್ಣು, ಕಿವಿಗಳನ್ನು ಪಳಗಿಸಬೇಕು ಅನ್ನುವುದು ಅದರ ತಿರುಳು. ಆದರೆ ಪುಸ್ತಕದ ಹೆಸರಿನಲ್ಲೇ 'ಈಡಿಯಸಿ' ಎಂಬ ಪದವಿತ್ತು. ಅಂದು ಅದು ವೈದ್ಯರ ಪದ, ಇಂದು ಬೈಗುಳ.

ಮುಂದೆ 1962ರಲ್ಲಿ ಸ್ಯಾಮ್ಯುಯೆಲ್ ಕರ್ಕ್ ಅವರ ಪಠ್ಯಪುಸ್ತಕ ಬಂತು. ಅಮೆರಿಕದ ಕಾಲೇಜುಗಳಲ್ಲಿ ವಿಶೇಷ ಶಿಕ್ಷಣದ ಮೊದಲ ಪಾಠಕ್ಕೆ ಬಹಳ ಬಳಕೆಯಾದ ಪುಸ್ತಕ ಅದು. ಕರ್ಕ್ ರೈತರ ಮನೆಯವರು. ಹುಡುಗನಾಗಿದ್ದಾಗಲೇ ಹೊಲದ ಆಳುಗಳಿಗೆ ಓದು ಕಲಿಸಿದವರು. 1963ರಲ್ಲಿ ಚಿಕಾಗೋದಲ್ಲಿ ಪೋಷಕರ ಸಭೆ ಸೇರಿತು. ಚುರುಕಾಗಿದ್ದರೂ ಅಕ್ಷರ ಹತ್ತದ ಮಕ್ಕಳ ತಂದೆತಾಯಂದಿರು ಅವರು. ಅವರ ಮುಂದೆ ಕರ್ಕ್ 'ಕಲಿಕಾ ನ್ಯೂನತೆ' ಎಂಬ ಮಾತು ಬಳಸಿದರು. ಆ ಹೆಸರು ನಿಂತಿತು. ಅವರ ಪುಸ್ತಕವೂ ಹಾಗೇ ಉಳಿಯಲಿಲ್ಲ, ಹಲವು ಸಲ ತಿದ್ದಿ ಮತ್ತೆ ಅಚ್ಚಾಯಿತು.

ನಮ್ಮ ದೇಶಕ್ಕೆ ಬನ್ನಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು 7 ಬಗೆಯ ನ್ಯೂನತೆ. ಕಲಿಕಾ ನ್ಯೂನತೆ ಅದರಲ್ಲಿ ಇರಲಿಲ್ಲ, ಆಟಿಸಂ ಕೂಡ ಇರಲಿಲ್ಲ. 2016ರ ಹೊಸ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಏರಿಸಿ ಎರಡನ್ನೂ ಸೇರಿಸಿತು. ಚಿಕಾಗೋದ ಸಭೆಗೂ ಇದಕ್ಕೂ 53 ವರ್ಷದ ಅಂತರ. ಅಷ್ಟು ಕಾಲ ನಮ್ಮ ಶಾಲೆಗಳಲ್ಲಿ ಇಂಥ ಎಷ್ಟೋ ಮಕ್ಕಳು 'ದಡ್ಡ' ಅನ್ನಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂತರು.

ಹಳೇ ಪುಸ್ತಕ ಸುಳ್ಳು ಅಂತ ನಾವು ಹೇಳುತ್ತಿಲ್ಲ. ಸೆಗ್ವಿನ್ ಹೇಳಿದ ಕೈಕೆಲಸ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಆದರೆ ಮೊದಲ ಪುಸ್ತಕ ಮೇಷ್ಟ್ರ ಬಾಯಿಗೆ ಪದ ಕೊಡುತ್ತದೆ. ಅದಕ್ಕೇ ಅಂಗಡಿಯಲ್ಲಿ ನಿಂತು ಮೂರು ನೋಡಿ: 2016ರ ಕಾಯ್ದೆ ಇದೆಯೇ? 21 ಬಗೆಯ ವಿವರ ಇದೆಯೇ? ಮಗುವನ್ನು ಯಾವ ಮಾತಿನಿಂದ ಕರೆದಿದೆ? ನೀವು ಸೇರಿದ ಕೋರ್ಸಿಗೆ ಭಾರತೀಯ ಪುನರ್ವಸತಿ ಮಂಡಳಿಯ ಮಾನ್ಯತೆ ಇದೆಯೇ ಅನ್ನುವುದನ್ನೂ ಕೇಳಿಕೊಳ್ಳಿ.

ಆ ಹುಡುಗಿ ಅಣ್ಣನ ಹಳೇ ಪುಸ್ತಕ ತೆಗೆದು ನೋಡಿದಳು. ಅದರಲ್ಲಿದ್ದದ್ದು 7 ಬಗೆ ಮಾತ್ರ.